ಮೂರರಲ್ಲಿ ಎರಡು ಪಾಲು

ಕನ್ನಡಿಗರ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಒಂದು ಗಂಭೀರ ಸಂಗತಿಯನ್ನು ಮೊದಲಿಗೇ ಹೇಳಿಬಿಡಬೇಕು. ಆ ವರ್ಷದ ಬಸವ ಜಯಂತಿಯ ಊಟ ಮುಗಿದ ಮೇಲೆ ನ್ಯೂಯಾರ್ಕ್-ಜರ್ಸಿ ಕಡೆಯ ಹಿರಿಯರ ಬಳಗದ ದೊಡ್ಡ ಪಾತ್ರೆಯ ಮುಚ್ಚಳ ಕಳೆದುಹೋಯಿತು.

ಪಾತ್ರೆ ಸಾಮಾನ್ಯದ್ದಲ್ಲ. ಇನ್ನೂರು ಮಂದಿಗೆ ಸಾರು ಕಾಯುವಂಥದ್ದು. ದಾವಣಗೆರೆಯಲ್ಲಿ ಕೊಂಡು ಹಡಗಿನಲ್ಲಿ ತರಿಸಿದ್ದು. ಮುಚ್ಚಳದ ಕುರಿತು ಝೂಮ್‌ನಲ್ಲಿ ಸಭೆಯಾಯಿತು. ಉಪಸಮಿತಿಯಾಯಿತು. ಜರ್ಸಿಯವರ ಕಾರಿನಲ್ಲಿ ಹೋಯಿತೆಂದು ಕ್ವೀನ್ಸಿನವರು, ಕ್ವೀನ್ಸಿನ ಹಾಲ್‌ನಲ್ಲೇ ಉಳಿಯಿತೆಂದು ಜರ್ಸಿಯವರು. ಕಡೆಗೆ ಬಳಗದ ಅಧ್ಯಕ್ಷರಾದ ಬಾಸ್ಕಿಂಗ್ ರಿಡ್ಜಿನ ರಾಜಶೇಖರ ಅವರು ಎರಡೂ ಕಡೆಯವರಿಗೆ ದೀರ್ಘವಾದ ಇಮೇಲ್ ಬರೆದರು. ಸಮಾನತೆಯ ಬಗ್ಗೆ ನಾಲ್ಕು ಮಾತು ಹೇಳಿ, ಹೊಸ ಮುಚ್ಚಳಕ್ಕೆ ವಂತಿಗೆ ಎತ್ತುವುದೆಂದು ತೀರ್ಮಾನ ಕೊಟ್ಟರು.

ಪಾತ್ರೆಯನ್ನು ಕಾರಿನಿಂದ ಹಾಲ್‌ಗೆ ಹೊತ್ತವರು ಯಾರು ಎಂಬ ಬಗ್ಗೆ ಚರ್ಚೆ ಆಗಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಒಂದು ಹಿಡಿಕೆ ಯಾವತ್ತೂ ಫ್ಲೋರಲ್ ಪಾರ್ಕಿನ ಬಸಲಿಂಗಮ್ಮನದು. ಇನ್ನೊಂದು ಹಿಡಿಕೆಗೆ ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಬಸಲಿಂಗಮ್ಮನಿಗೆ ಎಪ್ಪತ್ತಾಗಿತ್ತು.

"ಆಂಟಿ ಪೋಸ್ಟಲ್‌ನಲ್ಲಿದ್ದೋರಲ್ವಾ, ಅವರಿಗೆ ಅಭ್ಯಾಸ," ಎನ್ನುತ್ತಿದ್ದ ಬಳಗದ ಖಜಾಂಚಿ ಬಾಲು. ಅವನ ಬೆನ್ನು ಕಂಪ್ಯೂಟರಿನ ಮುಂದೆ ಕೂತು ಕೂತು ಹೋಗಿತ್ತು. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಬಸಲಿಂಗಮ್ಮನ ಬಲಭುಜದ ಕೀಲಿನಲ್ಲಿ ಮೂಳೆಗೆ ಮೂಳೆ ತಿಕ್ಕುತ್ತಿತ್ತು. ಅವಳಿಗೂ ಡಾಕ್ಟರು ಅದನ್ನೇ ಹೇಳಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಅವಳು ಮೂವತ್ತು ವರ್ಷ ಕ್ವೀನ್ಸಿನ ಒಂದು ಅಂಚೆ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡಿದವಳು. ಕಾಗದ ಬೇರ್ಪಡಿಸುವ ಕೆಲಸ. ಕಾಗದ ಹಗುರ ಎಂದು ಮಂದಿಗೆ ಅನ್ನಿಸುತ್ತದೆ. ಒಂದು ಕಾಗದ ಹಗುರ. ಟ್ರೇ ತುಂಬಿದ ಕಾಗದ ಒದ್ದೆ ಮಣ್ಣಿನಷ್ಟು ಭಾರ. ಟ್ರೇ ಎತ್ತು, ಯಂತ್ರಕ್ಕೆ ಸುರಿ, ಯಂತ್ರ ಉಗುಳಿದ್ದನ್ನು ತೆಗೆ, ಇನ್ನೊಂದು ಟ್ರೇಗೆ ಹಾಕು, ಗಾಡಿಗೆ ಏರಿಸು. ಯಂತ್ರಕ್ಕೆ ಓದಲಾಗದ ವಿಳಾಸಗಳನ್ನು ಕೈಯಲ್ಲಿ ಗೂಡಿಗೆ ಎಸೆ. ಮನೆಗೆ ಬಂದು ಸೀನಿದರೆ ಮೂಗಿನಿಂದ ಕರೀ ಧೂಳು ಬರುತ್ತಿತ್ತು. ಬೆರಳಿನ ತುದಿಗಳಲ್ಲಿ ಗೆರೆ ಸವೆದಿದ್ದವು. ವಿಮಾನ ನಿಲ್ದಾಣದ ಯಂತ್ರ ಅವಳ ಬೆರಳಚ್ಚು ಹಿಡಿಯದೆ ಎರಡು ಸಲ ಅವಳನ್ನು ಪಕ್ಕಕ್ಕೆ ನಿಲ್ಲಿಸಿತ್ತು.

ತಿಂಗಳ ಕೊನೆಗೆ ಸರ್ಕಾರದ ಕವರುಗಳ ರಾಶಿ ಬರುತ್ತಿತ್ತು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಒಳಗೆ ಮುದುಕರ, ವಿಧವೆಯರ, ಹೆಂಡಂದಿರ ಸೋಶಿಯಲ್ ಸೆಕ್ಯುರಿಟಿ ಚೆಕ್ಕು, ಅಂದರೆ ದುಡಿಯುವಾಗ ಸಂಬಳದಲ್ಲಿ ಹಿಡಿದು ಮುಪ್ಪಿನಲ್ಲಿ ಸರ್ಕಾರ ಕೊಡುವ ಹಣ. ಮೂರನೇ ತಾರೀಖಿಗೆ ಅವರ ಕೈ ಸೇರಬೇಕು. ಆ ಟ್ರೇಗಳು ಬಂದ ರಾತ್ರಿ ಮೇಲ್ವಿಚಾರಕ ಹಿಂದೆಯೇ ನಿಂತು, ಬೇಗ ಬೇಗ ಎನ್ನುತ್ತಿದ್ದ. ಕ್ವೀನ್ಸಿನ ಅರ್ಧ ಹೆಂಡಂದಿರ ಚೆಕ್ಕು ಬಸಲಿಂಗಮ್ಮನ ಕೈ ದಾಟಿ ಹೋಗಿದೆ.

ಅವಳ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿಗೆಂದು ಹಿಡಿಯುತ್ತಿರಲಿಲ್ಲ. ೧೯೮೪ಕ್ಕೆ ಮೊದಲು ಸೇರಿದ ಕೇಂದ್ರ ಸರ್ಕಾರದ ನೌಕರರಿಗೆ ಹಳೇ ಪೆನ್ಷನ್ ಬೇರೆಯೇ ಇತ್ತು. ಹಿಡಿತವೆಲ್ಲ ಅದಕ್ಕೆ ಹೋಗುತ್ತಿತ್ತು. ೧೯೮೭ರಲ್ಲಿ ಸರ್ಕಾರ ಒಂದು ಅವಕಾಶ ಕೊಟ್ಟಿತು. ಹಳೇದರಲ್ಲೇ ಇರಬಹುದು, ಇಲ್ಲವೇ ಸೋಶಿಯಲ್ ಸೆಕ್ಯುರಿಟಿ ಸೇರಿದ ಹೊಸದಕ್ಕೆ ಹೋಗಬಹುದು. ಬಸಲಿಂಗಮ್ಮನ ಗಂಡ ಈಶಣ್ಣ ಆ ಕಾಗದ ಹಿಡಿದುಕೊಂಡು ರಾಜಶೇಖರ ಅವರ ಮನೆಗೆ ಹೋಗಿದ್ದ. ಆಗಲೂ ಅವರೇ ಬಲ್ಲವರು. ಎಂಜಿನಿಯರು, ಶೇರು ಪೇಟೆಯ ಪುಸ್ತಕ ಓದುವವರು.

"ಸರ್ಕಾರಿ ಪೆನ್ಷನ್ ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ, ಈಶಣ್ಣ," ಎಂದಿದ್ದರು. "ನಮ್ಮ ತಂದೆ ತಹಸೀಲ್ದಾರ್ ಆಗಿದ್ರು. ಸಾಯೋವರೆಗೂ ಬಂತು. ಅವರು ಸತ್ತ ಮೇಲೆ ಅರ್ಧ ಅಮ್ಮನಿಗೆ ಬಂತು. ಡೋಂಟ್ ಟಚ್ ಇಟ್."

ಅವರು ಮುಟ್ಟಲಿಲ್ಲ.

ಈಶಣ್ಣ ಸುರಪುರದ ಕಡೆಯವನು. ಸ್ಕಾಲರ್‌ಶಿಪ್ಪಿನಲ್ಲಿ ಓದಿ, ಇಲ್ಲಿ ಬಂದು, ಲಾಂಗ್ ಐಲ್ಯಾಂಡಿನ ಒಂದು ಕಂಪನಿಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದ. ಹೆಸರು ಕೇಳಿ ಬಳಗದವರು ಮೊದಲು ತಮ್ಮವರೇ ಎಂದುಕೊಂಡಿದ್ದರು. ಈಶಣ್ಣ, ಬಸಲಿಂಗಮ್ಮ, ಇನ್ನೇನು ಬೇಕು? "ಯಾವ ಮಠದವ್ರು ನೀವು?" ಎಂದು ಕೇಳಿದರು. ಅಮೆರಿಕದಲ್ಲಿ ಜಾತಿ ಕೇಳುವ ಪದ್ಧತಿ ಇಲ್ಲ. ಮಠ ಕೇಳುತ್ತಾರೆ.

"ನಮ್ಮನ್ನ ಒಳಗ ಬಿಡೋ ಮಠ ಇನ್ನಾ ಕಟ್ಟಾಕತ್ತಾರ್ರಿ," ಎಂದ ಈಶಣ್ಣ.

ನಕ್ಕರು. ಆಮೇಲೆ ಅರ್ಥವಾಯಿತು. ಊಟಕ್ಕೆ ಕರೆಯುವುದನ್ನೇನೂ ಬಿಡಲಿಲ್ಲ, ಸಮಾನತೆಯವರು, ಪಾಪ. ಪಾತ್ರೆ ಹೊರಲಿಕ್ಕೂ ಕರೆದರು. ಮುಚ್ಚಳ ತೆಗೆದ ಮೇಲೆ ಸೌಟು ಮಾತ್ರ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮೂವತ್ತೈದು ವರ್ಷದಲ್ಲಿ ಬಸಲಿಂಗಮ್ಮ ಒಂದು ಸಲವೂ ಬಡಿಸಿದವಳಲ್ಲ. ಯಾರೂ ಬೇಡ ಎಂದಿರಲಿಲ್ಲ. ಸೌಟು ಆ ಹೊತ್ತಿಗೆ ಇನ್ನೊಬ್ಬರ ಕೈಯಲ್ಲಿ ಇದ್ದೇ ಇರುತ್ತಿತ್ತು, ಅಷ್ಟೆ.

ಅವಳಿಗೆ ಇದು ಹೊಸದಲ್ಲ. ಊರಲ್ಲಿ ಅವಳ ಅವ್ವ ಗೌಡರ ಕೊಟ್ಟಿಗೆಯ ಸಗಣಿ ಬುಟ್ಟಿ ಹೊತ್ತು, ಹಿತ್ತಲ ಬಾಗಿಲ ಹೊರಗೆ ಸೆರಗೊಡ್ಡಿ ನಿಲ್ಲುತ್ತಿದ್ದಳು. ರೊಟ್ಟಿ ಮೇಲಿನಿಂದ ಬೀಳುತ್ತಿತ್ತು. ಅವ್ವ ಮಗಳಿಗೆ ಹೇಳಿದ್ದು ಒಂದೇ ಮಾತು: "ಹೊರೂದು ಹೊರು. ಬಾಗಿಲಾಗ ನಿಂದ್ರಬ್ಯಾಡ."

ಮುಚ್ಚಳ ಕಳೆದ ವರ್ಷವೇ, ದೀಪಾವಳಿ ಆದ ಮೇಲೆ, ಈಶಣ್ಣನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು. ಬಾಯಿ ಒಂದು ಕಡೆ ಜಾರಿತು. ಮಾತು ಉಳಿಯಿತು, ಆದರೆ ಒಂದೊಂದೇ, ಬಾವಿಯಿಂದ ಸೇದಿದಂತೆ ಬರುತ್ತಿತ್ತು. ಆಸ್ಪತ್ರೆಯವರು ತಿಂಗಳೊಪ್ಪತ್ತು ಇಟ್ಟುಕೊಂಡು ಮನೆಗೆ ಕಳಿಸಿದರು.

ಅವನು ಎತ್ತರದ ಆಳು. ಬಸಲಿಂಗಮ್ಮ ಅವನ ಎದೆಯವರೆಗೆ ಬರುತ್ತಾಳೆ. ಬೆಳಿಗ್ಗೆ ಅವನನ್ನು ಹಾಸಿಗೆಯಿಂದ ಎಬ್ಬಿಸಬೇಕು. ಒಂದು ಕೈ ಕಂಕುಳಲ್ಲಿ, ಒಂದು ಕೈ ಸೊಂಟದ ಪಟ್ಟಿಗೆ. ಮೊಣಕಾಲಿಗೆ ಮೊಣಕಾಲು ಆನಿಸಿ ಎಳೆಯಬೇಕು. ಕುರ್ಚಿ. ಬಚ್ಚಲು. ಬಟ್ಟೆ ಬಿಚ್ಚು. ಒರೆಸು. ತೊಳೆ. ಮತ್ತೆ ಕುರ್ಚಿ. ಅವನ ಭಾರ ಅವಳ ಬಲಭುಜದ ಮೇಲೆ ಬಿದ್ದಾಗ ಒಳಗೆ ಏನೋ ಕಟಕ್ಕೆನ್ನುತ್ತಿತ್ತು. ಮೊದಮೊದಲು ನೋಯುತ್ತಿತ್ತು. ಆಮೇಲೆ ತೋಳು ಜೋಮು ಹಿಡಿಯಿತು. ಜೋಮು ಹಿಡಿದದ್ದು ಒಳ್ಳೆಯದೇ ಆಯಿತು ಎಂದುಕೊಂಡಳು.

ಫೆಬ್ರವರಿಯಲ್ಲಿ ಒಂದು ದಿನ ಇಬ್ಬರೂ ಬಚ್ಚಲಲ್ಲಿ ಬಿದ್ದರು. ಅವನು ಅವಳ ಮೇಲೆ. ಏಳಲು ಆಗಲಿಲ್ಲ. ಫೋನು ಅಡುಗೆಮನೆಯಲ್ಲಿತ್ತು. ಜರ್ಸಿಯ ಕ್ರ್ಯಾನ್‌ಬರಿಯಿಂದ ಮಗಳು ಅಕ್ಷಯಾ ಫೋನು ಮಾಡಿ, ಎತ್ತದಿದ್ದಕ್ಕೆ ಕಾರು ಹತ್ತಿ, ಎರಡು ಸೇತುವೆ ದಾಟಿ ಬರುವವರೆಗೆ ಇಬ್ಬರೂ ಟೈಲ್ಸಿನ ಮೇಲೆ ಹಾಗೇ ಬಿದ್ದಿದ್ದರು.

"ಭಾರ... ಆತೇನ?" ಎಂದಿದ್ದ ಈಶಣ್ಣ.

"ಗೊತ್ತಾಗವಲ್ದು," ಎಂದಿದ್ದಳು ಬಸಲಿಂಗಮ್ಮ. ಸುಳ್ಳಲ್ಲ. ಗೊತ್ತಾಗುತ್ತಿರಲಿಲ್ಲ.

ಅಕ್ಷಯಾ ಕ್ರ್ಯಾನ್‌ಬರಿಯ ದೊಡ್ಡ ಗೋದಾಮೊಂದರಲ್ಲಿ ಪಾಳಿಯ ಮ್ಯಾನೇಜರು. ನೂರು ಮಂದಿ ಎತ್ತುವವರ ಮೇಲೆ ಅವಳ ಯಜಮಾನಿಕೆ. ಅಲ್ಲಿ ಒಬ್ಬರು ಎಷ್ಟು ತೂಕ ಎತ್ತಬಹುದು ಎಂದು ಗೋಡೆಯ ಮೇಲೆ ಬರೆದಿತ್ತು.

"ಮಾಮ್, ಯು ಕಾಂಟ್ ಲಿಫ್ಟ್ ಹಿಮ್ ಎನಿಮೋರ್. ಐದರ್ ವಿ ಗೆಟ್ ಆ್ಯನ್ ಏಡ್, ಆರ್ ಹಿ ಗೋಸ್ ಟು ಎ ನರ್ಸಿಂಗ್ ಹೋಮ್."

"ಅಲ್ಲಿ ಅವರಿಗೆ ರೊಟ್ಟಿ ಯಾರ್ ಕೊಡ್ತಾರ? ಅವರ ಮಾತರ ಯಾರಿಗೆ ತಿಳೀತದ?"

"ದೆನ್ ಆ್ಯನ್ ಏಡ್."

ಮನೆಗೆ ಬಂದು ನೋಡಿಕೊಳ್ಳುವ ಆಳಿನ ಬೆಲೆ ಕೇಳಿದರು. ಇಡೀ ದಿನಕ್ಕೆ ಇಡುವುದಾದರೆ ಗಂಡಹೆಂಡಿರಿಬ್ಬರ ಪೆನ್ಷನ್ನೂ ಸಾಲುತ್ತಿರಲಿಲ್ಲ. ಬೆಳಗಿನ ಎರಡು ತಾಸಿಗೆ, ಎತ್ತಿ ಕೂಡಿಸಿ ಮೈ ತೊಳೆಸುವ ಆ ಎರಡು ತಾಸಿಗೆ ಇಡಬಹುದಿತ್ತು, ತಿಂಗಳಿಗೆ ಇನ್ನೊಂದು ಸಾವಿರ ಡಾಲರು ಎಲ್ಲಿಂದಾದರೂ ಬಂದರೆ. ಬಸಲಿಂಗಮ್ಮನಿಗೆ ಬೇಕಾದದ್ದು ಅಷ್ಟೇ. ಎರಡು ತಾಸು ಇನ್ನೊಬ್ಬರ ಭುಜ.

ಆ ವಸಂತದಲ್ಲಿ ಹಿಲ್‌ಸೈಡ್ ಅವೆನ್ಯೂದ ಬಳಗದ ಹಾಲ್‌ನಲ್ಲಿ ರಾಜಶೇಖರ ಅವರ ಉಪನ್ಯಾಸವಿತ್ತು. ನಿವೃತ್ತಿಯಲ್ಲಿ ನೆಮ್ಮದಿ ಎಂಬ ವಿಷಯ. ಪರದೆಯ ಮೇಲೆ ಚಿತ್ರಗಳು, ಒಂದರಲ್ಲಿ ಸೂರ್ಯಾಸ್ತ. ಗಂಡನ ಸೋಶಿಯಲ್ ಸೆಕ್ಯುರಿಟಿ ಎಷ್ಟೋ ಅದರ ಅರ್ಧದಷ್ಟು ಹೆಂಡತಿಗೂ ಬರುತ್ತದೆ, ಗಂಡನದು ಕಡಿಮೆಯಾಗುವುದಿಲ್ಲ ಎಂದು ಅವರು ವಿವರಿಸಿದರು.

"ನಂಗೆ ಅರವತ್ತಾರು ಆದಾಗ್ನಿಂದ ಬರ್ತಿದೆ," ಎಂದು ಅವರ ಹೆಂಡತಿ ಮಂಜರಿ ಮುಂದಿನ ಸಾಲಿನಿಂದ ತಿರುಗಿ ಹೇಳಿದರು. "ಅದು ನನ್ ಸಂಬಳ ಕಣ್ರೀ. ನಲವತ್ತು ವರ್ಷ ಇವರನ್ನ ಸಹಿಸ್ಕೊಂಡಿದ್ದಕ್ಕೆ."

ಹಾಲ್ ನಕ್ಕಿತು. ಬಸಲಿಂಗಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು.

"ಗಂಡ ಬದುಕಿದ್ದಾಗನೇ ಬರ್ತದೇನ್ರಿ?"

ಹಾಲ್ ಇನ್ನೂ ಜೋರಾಗಿ ನಕ್ಕಿತು. "ಬದುಕಿದ್ದಾಗ್ಲೇ ಆಂಟಿ, ಸಾಯಿಸ್ಬೇಡಿ ಅಂಕಲ್‌ನ!" ಎಂದ ಬಾಲು.

ಅವಳು ತಪ್ಪು ತಿಳಿದದ್ದಕ್ಕೆ ಕಾರಣ ಇತ್ತು. ಊರಲ್ಲಿ ಹೆಂಡತಿಯ ಪಾಲು ಬರುವುದು ಗಂಡ ಸತ್ತ ಮೇಲೆ. ಈಶಣ್ಣನ ಅಕ್ಕನಿಗೆ ಹಾಗೇ ಬಂದಿತ್ತು. ಮಾಸ್ತರನಾಗಿದ್ದ ಗಂಡ ಮಣ್ಣಾಗಿ, ಸರ್ಟಿಫಿಕೇಟು ಸಿಕ್ಕು, ಆಮೇಲೆ. ಗಂಡ ಎದುರಿಗೇ ಕೂತು ಕಾಫಿ ಕುಡಿಯುತ್ತಿರುವಾಗ ಅವನ ಅರ್ಧವನ್ನು ಸರ್ಕಾರದ ಬಳಿ ಕೇಳುವುದು ಅಪಶಕುನದ ಮಾತು. ಹಾಗಾಗಿ ಇಷ್ಟು ವರ್ಷ ಇಬ್ಬರೂ ಕೇಳಿರಲಿಲ್ಲ.

"ಅಪ್ಲೈ ಮಾಡಿ ಬಸಲಿಂಗಮ್ಮನವರೇ," ಎಂದರು ರಾಜಶೇಖರ ಅವರು. "ಇಟ್ಸ್ ಯುವರ್ ರೈಟ್. ಹಿಂಜರೀಬಾರದು."

ಅವಳು ಹಿಂಜರಿಯಲಿಲ್ಲ. ಮುಂದಿನ ವಾರವೇ ಅಕ್ಷಯಾಳನ್ನು ಕರೆದುಕೊಂಡು ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋದಳು. ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ತೊಟ್ಟಿದ್ದಳು. ಮದುವೆಯ ಸರ್ಟಿಫಿಕೇಟಿನ ನಕಲು ಚೀಲದಲ್ಲಿತ್ತು. ಕಿಟಕಿಯ ಹಿಂದಿನ ಗುಮಾಸ್ತೆ ಒಳ್ಳೆಯ ಹೆಂಗಸು. ಅವಳ ದನಿಯಲ್ಲಿ ಗಡಸಿರಲಿಲ್ಲ. ಎಲ್ಲ ಕೇಳಿ, ಕೀಲಿಮಣೆ ಕುಟ್ಟಿ, ಕೈ ನಿಲ್ಲಿಸಿದಳು.

ಎಲ್ಲಿ ಕೆಲಸ ಮಾಡಿದ್ದು? ಅಂಚೆಯಲ್ಲಿ. ಹಳೇ ಪೆನ್ಷನ್ನೇ? ಹೌದು. ಗುಮಾಸ್ತೆ ಮತ್ತೆ ಕುಟ್ಟಿದಳು. ತಲೆ ಎತ್ತಿ ಅಕ್ಷಯಾಳಿಗೆ ಹೇಳತೊಡಗಿದಳು. ಅಕ್ಷಯಾ ಒಂದೆರಡು ಸಲ ಮಾತು ತಡೆದಳು.

"ಏನಂತಾಳ?"

"ಇಟ್ಸ್ ಝೀರೋ, ಮಾಮ್."

"ಯಾಕ?"

ಅಕ್ಷಯಾ ಕನ್ನಡಕ್ಕೆ ಹುಡುಕಾಡಿದಳು. "ನಿನ್ ಪೆನ್ಷನ್ ಇದೆ ಅಲ್ವಾ? ಅದ್ರಲ್ಲಿ ಮೂರು ಪಾಲು ಮಾಡಿ, ಎರಡು ಪಾಲು... ದೇ ಸಬ್‌ಟ್ರ್ಯಾಕ್ಟ್ ಇಟ್. ಡ್ಯಾಡಿ ಕಡೆಯಿಂದ ಬರೋ ಅರ್ಧದಿಂದ. ಕಳೆದ್ರೆ ಏನೂ ಉಳಿಯಲ್ಲ."

"ನಂದು ನಾ ದುಡದದ್ದು. ಅವರದು ಅವರು ದುಡದದ್ದು. ನಂದನ್ನ ಅವರದ್ರಾಗ ಯಾಕ ಕಳೀತಾರ?"

"ಬಿಕಾಸ್... ಇದು ಡಿಪೆಂಡೆಂಟ್ ವೈಫ್‌ಗೆ. ಗಂಡನ್ ಮೇಲೆ ಡಿಪೆಂಡ್ ಆಗಿರೋರಿಗೆ. ನಿನ್ಗೆ ಗವರ್ನಮೆಂಟ್ ಪೆನ್ಷನ್ ಇದೆ, ಸೋ ಯು ಆರ್ ನಾಟ್ ಡಿಪೆಂಡೆಂಟ್."

ಬಸಲಿಂಗಮ್ಮ ಗಾಜಿನ ಈಚೆ ನಿಂತಿದ್ದಳು. ಗಾಜಿನ ಕೆಳಗೆ ಕಾಗದ ತೂರಿಸುವ ಸಣ್ಣ ಸಂದಿ ಇತ್ತು. ಅವಳ ಕೈ ಆ ಸಂದಿಯ ಹತ್ತಿರ, ಅಂಗೈ ಮೇಲಾಗಿ, ತಾನಾಗಿ ಬಂದು ನಿಂತಿತ್ತು. ಅವಳು ಅದನ್ನು ನೋಡಿದಳು. ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು.

"ಈಕಿಗೆ ಹೇಳು," ಎಂದಳು. "ಮಂದಿ ಹೆಂಡರ ಚೆಕ್ಕು ಮೂವತ್ತು ವರ್ಷ ನಾ ಹಂಚೀನಿ ಅಂತ."

ಅಕ್ಷಯಾ ಹೇಳಲಿಲ್ಲ. ಗುಮಾಸ್ತೆ ಐ ಆ್ಯಮ್ ಸಾರಿ ಎಂದಳು. ನಿಜವಾಗಿಯೂ ಸಾರಿ ಇದ್ದಂತೆ ಕಂಡಳು. ಮುಂದಿನ ನಂಬರು ಕರೆದಳು.

ಈ ಕಾನೂನನ್ನು ಆಮೇಲೆ ತೆಗೆದುಹಾಕಿದರಲ್ಲ ಎಂದು ತಿಳಿದವರು ಹೇಳಬಹುದು. ತೆಗೆದುಹಾಕಿದರು. ಆಗಿನ್ನೂ ತೆಗೆದಿರಲಿಲ್ಲ.

ರಾಜಶೇಖರ ಅವರಿಗೆ ಅಕ್ಷಯಾ ಫೋನು ಮಾಡಿದಳು. ಅವರು ಬೇಸರಪಟ್ಟುಕೊಂಡರು. "ಓಹ್, ಹಳೇ ಪೆನ್ಷನ್ನಾ? ಹೌದಮ್ಮ, ಅದಕ್ಕೆ ಆಫ್‌ಸೆಟ್ ಇದೆ, ಕಳೀತಾರೆ. ಎಂಬತ್ತೇಳರಲ್ಲೇ ಹೊಸದಕ್ಕೆ ಹೋಗಿದ್ರೆ ಇದ್ಯಾವುದೂ ಇರ್ತಿರಲಿಲ್ಲ. ಯಾಕೋ ಹೋಗಲಿಲ್ಲ ಅವರು. ಆದ್ರೂ ನೋಡಮ್ಮ, ಲಾಜಿಕಲೀ ಇಟ್ಸ್ ಫೇರ್."

ಫೋನು ಸ್ಪೀಕರಿನಲ್ಲಿತ್ತು. ಈಶಣ್ಣ ಗಾಲಿ ಕುರ್ಚಿಯಲ್ಲಿ ಕೂತು ಕೇಳಿದ. ಅವನ ಬಾಯಿಯ ನೆಟ್ಟಗಿದ್ದ ಕಡೆ ಒಂದಿಷ್ಟು ಅಲುಗಿತು.

"ಯಾಕೋ... ಹೋಗಲಿಲ್ಲಂತ," ಎಂದ.

ಇನ್ನೊಂದು ದಾರಿ ಇತ್ತು. ಬಡವರಿಗೆಂದು ಇರುವ ಮೆಡಿಕೇಡ್. ಅದು ಸಿಕ್ಕರೆ ಮನೆಗೇ ಆಳು ಕಳಿಸುತ್ತಾರೆ, ದಿನಕ್ಕೆ ಎರಡು ತಾಸಲ್ಲ, ಎಂಟು ತಾಸು. ಅಕ್ಷಯಾ ಅಪ್ಪನ ಹೆಸರಿನಲ್ಲಿ ಅರ್ಜಿ ಹಾಕಿದಳು. ಬೇಸಿಗೆಯಲ್ಲಿ ಉತ್ತರ ಬಂತು. ಇಲ್ಲ. ಹೆಂಡತಿಗೆ ಪೆನ್ಷನ್ ಇದೆ. ಹೆಂಡತಿಯ ವರಮಾನ ಸೇರಿಸಿದರೆ ಬಡವನಲ್ಲ. ಅವನನ್ನು ನೋಡಿಕೊಳ್ಳುವುದು ಹೆಂಡತಿಯ ಜವಾಬ್ದಾರಿ.

ಬಸಲಿಂಗಮ್ಮ ಅದನ್ನು ಮಗಳಿಂದ ಎರಡು ಸಲ ಓದಿಸಿದಳು.

"ಅಲ್ಲಿ ಏನಂದ್ರು? ನಾ ಗಂಡನ ಮ್ಯಾಲೆ ಬಿದ್ದಾಕಿ ಅಲ್ಲ, ನನ್ನ ಪೆನ್ಷನ್ ನಂಗ ಅದ, ಅದಕ್ಕ ಗಂಡನ ಪಾಲು ಇಲ್ಲ ಅಂದ್ರು. ಹೌದಿಲ್ಲ?"

"ಯಾ."

"ಇಲ್ಲಿ ಏನಂತಾರ? ಗಂಡ ನನ್ನ ಮ್ಯಾಲೆ ಬಿದ್ದಾನ, ನನ್ನ ಪೆನ್ಷನ್ ಅವಂದೂ ಹೌದು, ಅದಕ್ಕ ಆಳು ಇಲ್ಲ."

"ಯಾ. ಬೇಸಿಕಲೀ."

"ತಗೊಳ್ಳೂದಕ್ಕ ಹೆಂಡತಿ ಅಲ್ಲ. ಹೊರೂದಕ್ಕ ಹೆಂಡತಿ."

ಬಸಲಿಂಗಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಭುಜದ ಹಾಗೆ ಅದೂ ಎಲ್ಲೋ ಜೋಮು ಹಿಡಿದಿತ್ತು. ಈಶಣ್ಣನ ಒದ್ದೆ ಬಟ್ಟೆ ಬದಲಿಸುವ ಹೊತ್ತಾಗಿತ್ತು. ಎದ್ದು ಹೋದಳು.

ಹಿರಿಯ ನಾಗರಿಕರ ಕೇಂದ್ರದಲ್ಲಿ ಪುಕ್ಕಟೆ ಸಲಹೆ ಕೊಡುವ ವಕೀಲೆ ಇದ್ದಳು. ತಾರಿಣಿ ಎಂದು, ಇಲ್ಲೇ ಹುಟ್ಟಿದ ಕನ್ನಡದವರ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡಲಿಕ್ಕೆ ಅಷ್ಟಾಗಿ ಬರುವುದಿಲ್ಲ ಎನ್ನುವ ಪೀಳಿಗೆಯವಳು. ಅವಳು ಒಂದು ಮಧ್ಯಾಹ್ನ ಮನೆಗೇ ಬಂದಳು. ಬೂಟು ಬಿಚ್ಚಿ ಒಳಗೆ ಬಂದದ್ದು ಈಶಣ್ಣನಿಗೆ ಮೆಚ್ಚುಗೆಯಾಯಿತು.

"ಆಂಟಿ, ದೇರ್ ಈಸ್ ಎ ವೇ," ಎಂದಳು. "ನ್ಯೂಯಾರ್ಕಲ್ಲಿ ಇದೆ... ಜರ್ಸಿಯಲ್ಲಿ ಇಲ್ಲ. ನೀವು ಬರೆದು ಕೊಡಬೇಕು. ಐ ರಿಫ್ಯೂಸ್ ಟು ಸಪೋರ್ಟ್ ಮೈ ಹಸ್ಬೆಂಡ್. ಆಗ ನಿಮ್ಮ ಪೆನ್ಷನ್ ಕೌಂಟ್ ಮಾಡಲ್ಲ. ಅಂಕಲ್‌ದು ಮಾತ್ರ ನೋಡ್ತಾರೆ."

"ಅಂದ್ರ?"

ತಾರಿಣಿ ಅಕ್ಷಯಾಳ ಕಡೆ ನೋಡಿದಳು. ಅಕ್ಷಯಾ ಚಾವಣಿ ನೋಡಿದಳು. ಕನ್ನಡಕ್ಕೆ ತಿರುಗಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಈಶಣ್ಣನೇ ಹೇಳಿದ. "ಗಂಡನ್ನ... ಸಾಕಂಗಿಲ್ಲ... ಅಂತ."

"ಇಟ್ಸ್ ಜಸ್ಟ್ ಲೀಗಲ್ ಲ್ಯಾಂಗ್ವೇಜ್ ಆಂಟಿ," ಎಂದಳು ತಾರಿಣಿ ಅವಸರದಿಂದ. "ಎಲ್ಲಾರೂ ಮಾಡ್ತಾರೆ. ಬಟ್ ಐ ಹ್ಯಾವ್ ಟು ಟೆಲ್ ಯು, ಸಿಟಿ ಗವರ್ನಮೆಂಟ್‌ನವರು ಆಮೇಲೆ ದುಡ್ಡು ವಾಪಸ್ ಕೇಳಿ ನಿಮ್ಮ ಮೇಲೆ ಕೇಸ್ ಹಾಕಬಹುದು. ಹಾಕದೇನೂ ಇರಬಹುದು."

ಬಸಲಿಂಗಮ್ಮ ಕಾಗದವನ್ನು ಎದುರಿಗೆ ಎಳೆದುಕೊಂಡಳು. ಪೆನ್ನು ಕೈಗೆ ತೆಗೆದುಕೊಂಡಳು. ತಕ್ಷಣ ಬರೆಯಲಿಲ್ಲ. ಗಂಡನ ಕಡೆ ತಿರುಗಿದಳು.

"ಏನ್ರೀ. ಮದುವ್ಯಾಗ ಅಕ್ಕಿಕಾಳು ಹಾಕ್ಕೊಂಡಿದ್ದಕ್ಕ ಇದು ಉಲ್ಟಾ ಅದ."

"ಹ್ಞೂ."

"ಮಂದಿ ನಗ್ತಾರ."

ಈಶಣ್ಣ ಬಹಳ ಹೊತ್ತು ಮಾತು ಸೇದಿದ. "ಕಂಪನಿ... ಎರಡು ಸಲ... ನನ್ನ ತೆಗದಾಗ... ಮನೀ ಯಾರು... ನಡಿಸ್ಯಾರ?"

"ನಾನಽ."

"ಸಾಕೀದಿ. ಸಾಕು." ಉಸಿರು ತೆಗೆದುಕೊಂಡ. "ಹಾಕು ಸಹಿ."

ಅವಳು ಸಹಿ ಮಾಡಿದಳು. ಬಲಗೈ ಮೇಲೇಳಲಿಲ್ಲ. ಎಡಗೈಯಿಂದ ಬಲ ಮೊಣಕೈ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು ಮಾಡಿದಳು. ಕನ್ನಡದಲ್ಲಿ ಮಾಡಿದಳು. ತಾರಿಣಿ ಏನೋ ಹೇಳಲು ಹೋಗಿ ತಡೆದುಕೊಂಡಳು. ಕನ್ನಡದ ಸಹಿಯೂ ಸಹಿಯೇ.

ಹಿರಿಯರ ಬಳಗಕ್ಕೆ ಇದು ಯಾವುದೂ ಗೊತ್ತಿರಲಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ಅವರು ಬಸಲಿಂಗಮ್ಮನನ್ನು ಸನ್ಮಾನಿಸುವುದೆಂದು ಠರಾವು ಮಾಡಿದ್ದರು. ಕಾಯಕ ರತ್ನ ಎಂದು ಬಿರುದು. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಫಲಕ. ಫಲಕದಲ್ಲಿ ಅವಳ ಹೆಸರು ಇಂಗ್ಲಿಷಿನಲ್ಲಿತ್ತು. ಅವಳು ಬರುವುದಿಲ್ಲ ಎಂದಳು. ಮಂಜರಿ ಫೋನು ಮಾಡಿ, "ಬನ್ರೀ, ನಿಮ್ಮಂಥೋರನ್ನ ನೋಡಿ ನಮ್ಮ ಹುಡುಗೀರು ಕಲೀಬೇಕು," ಎಂದರು. ಅಕ್ಷಯಾ ಅಪ್ಪನ ಬಳಿ ಕೂತಳು. ಬಸಲಿಂಗಮ್ಮ ಹೋದಳು.

ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂಡಿಸಿದರು. ಅಷ್ಟು ವರ್ಷದಲ್ಲಿ ಅವಳು ಆ ಹಾಲ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತದ್ದು ಅದೇ ಮೊದಲು. ರಾಜಶೇಖರ ಅವರು ಮೈಕು ಹಿಡಿದರು. ಚೆನ್ನಾಗಿ ಮಾತಾಡುತ್ತಾರೆ, ಸುಳ್ಳು ಹೇಳಬಾರದು.

"ಈ ತಾಯಿ ಮೂವತ್ತು ವರ್ಷ ಪೋಸ್ಟಲ್ ಸರ್ವಿಸ್‌ನಲ್ಲಿ ದುಡಿದರು. ಇವತ್ತು ಪತಿಯನ್ನು ಮಗುವಿನ ಹಾಗೆ ಎತ್ತಿ ಆಡಿಸ್ತಿದ್ದಾರೆ. ಯಾರ ಹತ್ತಿರಾನೂ ಕೈ ಚಾಚಲಿಲ್ಲ. ಒಂದು ದೂರಿಲ್ಲ, ಒಂದು ನಿಟ್ಟುಸಿರಿಲ್ಲ. ಇದಪ್ಪಾ ಕಾಯಕ!"

ಚಪ್ಪಾಳೆ ಬಿತ್ತು. ಹಿಂದಿನಿಂದ ಒಬ್ಬರು ಶಾಲು ಹೊದಿಸಿದರು. ಶಾಲಿನ ಭಾರ ಬಲಭುಜಕ್ಕೆ ಗೊತ್ತಾಗಲಿಲ್ಲ. ಎಡಭುಜಕ್ಕೆ ಗೊತ್ತಾಯಿತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಯಾರೂ ಅವಳು ಮಾತಾಡುತ್ತಾಳೆ ಎಂದುಕೊಂಡಿರಲಿಲ್ಲ. ಅದು ಕೊಡುವ ಪದ್ಧತಿ, ಅಷ್ಟೆ.

"ನಾ ಅವರನ್ನ ಎತ್ತಂಗಿಲ್ಲ," ಎಂದಳು ಬಸಲಿಂಗಮ್ಮ.

ಮೈಕು ಕೊಯ್ಯೆಂದಿತು. ಬಾಲು ಓಡಿ ಬಂದು ಗುಂಡಿ ತಿರುಗಿಸಿದ.

"ನಾ ನನ್ನ ಗಂಡನ್ನ ಸಾಕಂಗಿಲ್ಲ ಅಂತ ಸರ್ಕಾರಕ್ಕ ಬರದು ಕೊಟ್ಟೀನಿ. ಸಹಿ ಮಾಡೀನಿ."

"ಅಯ್ಯೋ," ಎಂದರು ಮಂಜರಿ. ಯಾವುದೋ ಮಗು ವಾಟ್ ಡಿಡ್ ಷಿ ಸೇ ಎಂದು ಕೇಳಿತು.

"ಪೇಪರ್ ಮೇಲೆ ತಾನೇ ಆಂಟಿ?" ಎಂದ ಬಾಲು ಕೆಳಗಿನಿಂದ, ಅವಳನ್ನು ಪಾರುಮಾಡುವವನ ಹಾಗೆ. "ಬೆನಿಫಿಟ್‌ಗೋಸ್ಕರ, ಅಲ್ವಾ?"

"ಪೇಪರ್ ಮ್ಯಾಲ ಅಷ್ಟ ಅಲ್ಲಪಾ. ಖರೇನ."

ಅವಳ ದನಿ ಏರಲಿಲ್ಲ. ಬ್ಯಾಂಕಿನಲ್ಲಿ ವಿಳಾಸ ಹೇಳುವ ದನಿಯಲ್ಲೇ ಹೇಳಿದಳು.

"ಅವರ ಪಾಲು ಕೇಳಾಕ ಹೋದ್ರ ನೀ ಹೆಂಡತಿ ಅಲ್ಲ ಅಂದ್ರು. ಆಳು ಕೇಳಾಕ ಹೋದ್ರ ನೀನ ಹೆಂಡತಿ, ನೀನ ಹೊರು ಅಂದ್ರು. ಹೊತ್ತೀನಿ. ಅಂಚ್ಯಾಗ ಹೊತ್ತೀನಿ. ಮನ್ಯಾಗ ಹೊತ್ತೀನಿ. ಈ ಹಾಲ್‌ನಾಗೂ ಹೊತ್ತೀನಿ. ಇಲ್ಲಿ ಯಾರೂ ಒಂದು ದಿನ ಸೌಟು ಕೊಡಲಿಲ್ಲ. ಇನ್ನ ಹೊರಂಗಿಲ್ಲ. ಹೊರೂದಕ್ಕ ಶಾಲು ಹೊದಿಸಿದ್ರ ಶಾಲೂ ಹೊರಬೇಕಾಗ್ತದ."

ಶಾಲನ್ನು ಎಡಗೈಯಿಂದ ಎಳೆದಳು. ಬಲಭುಜದ ಮೇಲೆ ಸಿಕ್ಕಿಕೊಂಡಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಮತ್ತೆ ಎಳೆದಳು. ಬಂತು. ಮಡಿಸಿ ಕುರ್ಚಿಯ ಮೇಲೆ ಇಟ್ಟಳು.

ರಾಜಶೇಖರ ಅವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬಸಲಿಂಗಮ್ಮನವರೇ, ಇದು ಇಂಥಾ ಮಾತಿಗೆ ಜಾಗ ಅಲ್ಲ," ಎಂದರು.

"ಹೌದ್ರಿ. ಮೂವತ್ತೈದು ವರ್ಷ ಇಲ್ಲಿ ನಂಗೂ ಜಾಗ ಇರಲಿಲ್ಲ," ಎಂದಳು. "ಎಂಬತ್ತೇಳರಾಗ ಹಳೇದ್ರಾಗ ಇರ್ರಿ ಅಂದೋರು ನೀವ. ಯಾಕೋ ಹೋಗಲಿಲ್ಲ ಅಂತ ನನ್ನ ಮಗಳಿಗೆ ಹೇಳಿದೋರೂ ನೀವ. ಅದನ್ನೂ ನಾ ಇಷ್ಟು ದಿನ ಹೊತ್ತಿದ್ದೆ. ತಗೋರಿ."

ಮೈಕು ಅವರ ಕೈಗೆ ಕೊಟ್ಟಳು. ಮೆಟ್ಟಿಲು ಇಳಿದಳು. ಹಣ್ಣಿನ ಬುಟ್ಟಿಯನ್ನು ಯಾರೋ ಬಾಗಿಲವರೆಗೆ ಹಿಡಿದುಕೊಂಡು ಬಂದರು. ಅವಳು ತಿರುಗಿ ನೋಡಲಿಲ್ಲ. ಹೊರಗೆ ಬಸ್ಸು ಬಂತು. ಹತ್ತಿದಳು. ಕಿಟಕಿಯ ಹತ್ತಿರ ಕೂತಳು. ಗೆದ್ದೆ ಎಂದು ಅನ್ನಿಸಲಿಲ್ಲ. ಅವಳಿಗೆ ಏನೂ ಅನ್ನಿಸಲಿಲ್ಲ. ಹಸಿವಾಗಿತ್ತು, ಊಟ ಮಾಡದೆ ಬಂದಿದ್ದಳು.

ಬಳಗದಲ್ಲಿ ಅದೊಂದು ವಿಷಯವಾಯಿತು. ಗಂಡನ್ನ ಸಾಕಲ್ಲ ಅಂತ ಮೈಕಲ್ಲಿ ಹೇಳಿದಳಂತೆ ಎಂಬುದು ಜರ್ಸಿಯ ಎಡಿಸನ್ನಿನವರೆಗೂ ಹೋಯಿತು. ಅವರ ಕಡೆಯವರೇ ಹಾಗೆ ಎಂದು ಯಾರೋ ಅಂದರು. ಯಾವ ಕಡೆಯವರು ಎಂದು ಬಿಡಿಸಿ ಹೇಳಲಿಲ್ಲ. ಅಮೆರಿಕದಲ್ಲಿ ಹೇಳುವ ಪದ್ಧತಿ ಇಲ್ಲ. ಅವಳ ಹೆಸರು ವಾಟ್ಸಾಪ್ ಗುಂಪಿನಿಂದ ತಾನಾಗಿ ಮಾಯವಾಯಿತು. ಗಾಜಿನ ಫಲಕ ಬಾಲುವಿನ ಗ್ಯಾರೇಜಿಗೆ ಹೋಯಿತು.

ಡಿಸೆಂಬರಿನಲ್ಲಿ ಮೆಡಿಕೇಡ್ ಮಂಜೂರಾಯಿತು. ರಿಚ್ಮಂಡ್ ಹಿಲ್ಲಿನಿಂದ ಶ್ಯಾಮ್ ಎಂಬ ಗಯಾನಾದ ಆಳು ವಾರಕ್ಕೆ ಐದು ದಿನ ಬೆಳಿಗ್ಗೆ ಬಂದು ಈಶಣ್ಣನನ್ನು ಎತ್ತುತ್ತಾನೆ. ಶನಿವಾರ, ಭಾನುವಾರ ಅಕ್ಷಯಾ ಬಂದು ಎತ್ತುತ್ತಾಳೆ. ಬಸಲಿಂಗಮ್ಮ ರೊಟ್ಟಿ ಬಡಿಯುವುದನ್ನು ಎಡಗೈಯಲ್ಲಿ ಕಲಿಯುತ್ತಿದ್ದಾಳೆ. ಸಿಟಿಯವರು ಇನ್ನೂ ಕೇಸು ಹಾಕಿಲ್ಲ. ಗಂಡನ ಕಡೆಯಿಂದ ಬರಬೇಕಾಗಿದ್ದ ಅರ್ಧ ಪಾಲು ಆ ವರ್ಷ ಬರಲಿಲ್ಲ.